ಹಾವು ಅಳಲ್ಲ, ಥರ್ಮಾಮೀಟರ್ ನೋಡ್ಬೇಕು: ಎರಡು ಮರಿಗಳ ಜತೆ ಹೂಸ್ಟನ್‌ನಿಂದ ಡಾಲಸ್‌ವರೆಗೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ಕಾರ್ ಪ್ರಯಾಣದ ಕಥೆ. ಕಾರಲ್ಲಿ ನಾಲ್ಕು ಜೀವ ಇತ್ತು. ನಾನು, ನಮ್ಮಮ್ಮ, ಮತ್ತೆ ಎರಡು ಹಾವಿನ ಮರಿಗಳು.

ಹಾವು ಅಂದ ತಕ್ಷಣ ಕೆಲವರು ಪಾಡ್‌ಕಾಸ್ಟ್ ಆಫ್ ಮಾಡಕ್ಕೆ ಬೆರಳು ಎತ್ತಿರ್ತೀರ. ಎರಡು ನಿಮಿಷ ಇರಿ. ಹಾವಿನ ಭಯದ ಬಗ್ಗೆ ಅಲ್ಲ ಈ ಮಾತು. ತನಗೆ ಕಷ್ಟ ಆಗ್ತಿದೆ ಅಂತ ಹೇಳಕ್ಕೆ ಬಾರದ ಒಂದು ಜೀವ ನಮ್ಮ ಕೈಲಿದ್ದಾಗ ನಾವು ಏನು ಮಾಡ್ಬೇಕು ಅನ್ನೋದರ ಬಗ್ಗೆ.

ಮೊದಲು ಒಂದು ತಪ್ಪೊಪ್ಪಿಗೆ. ನಾನು ಸಾಕಬೇಕು ಅಂತ ತಂದ ಮೊದಲ ಹಾವು ನನ್ನ ಕಾರಿನಲ್ಲೇ ಸತ್ತುಹೋಯ್ತು. ನನ್ನಿಂದಲೇ ಸತ್ತುಹೋಯ್ತು.

ನಾನಿರೋದು ಅಮೆರಿಕದ ಟೆಕ್ಸಸ್‌ನಲ್ಲಿ. ಊರು ಹಾಸನದ ಕಡೆ. ಇಲ್ಲಿ ಹಾವು ಸಾಕೋದು ನಮ್ಮೂರಲ್ಲಿ ಲವ್ ಬರ್ಡ್ಸ್ ಸಾಕಿದಷ್ಟೇ ಸಾಮಾನ್ಯ ಅಂತ ಹೇಳಲ್ಲ, ಆದ್ರೆ ವಿಚಿತ್ರ ಏನಲ್ಲ. ವಿಷ ಇಲ್ಲದ, ಸಾಕಣೆಯಲ್ಲೇ ಹುಟ್ಟಿದ ಮರಿಗಳನ್ನ ಮಾರೋ ಸಂತೆಗಳೇ ನಡೆಯತ್ತೆ. ಅಂಥ ಒಂದು ಸಂತೆಯಲ್ಲಿ ನಾನು ಒಂದು ಬಾಲ್ ಪೈಥಾನ್ ಮರಿ ತಗೊಂಡೆ. ಇದು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಪುಟ್ಟ ಜಾತಿಯ ಹೆಬ್ಬಾವು. ಹೆದರಿದಾಗ ಕಚ್ಚೋದಕ್ಕಿಂತ ಹೆಚ್ಚಾಗಿ ತಲೆಯನ್ನ ಒಳಗೆ ಸೇರಿಸ್ಕೊಂಡು ಚೆಂಡಿನ ಥರ ಸುತ್ತಿಕೊಂಡುಬಿಡತ್ತೆ. ಅದಕ್ಕೇ ಆ ಹೆಸರು. ಮೊಟ್ಟೆಯಿಂದ ಬಂದಾಗ ಸುಮಾರು ಒಂದಡಿ ಉದ್ದ, ತೂಕ 60-70 ಗ್ರಾಂ. ಅಂದ್ರೆ ಒಂದು ಕೋಳಿಮೊಟ್ಟೆಯಷ್ಟು ಭಾರ.

ಮಾರಿದವರು ಅದನ್ನ ತೂತು ಮಾಡಿದ ಒಂದು ದುಂಡನೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಕೊಟ್ರು. ನಾನು ಆ ಡಬ್ಬಿಯನ್ನ ಪಕ್ಕದ ಸೀಟಿನ ಮೇಲೆ ಇಟ್ಕೊಂಡು ಹೊರಟೆ. ಮೇ ತಿಂಗಳು, ಮಧ್ಯಾಹ್ನ. ಹೊಟ್ಟೆ ಹಸಿದಿತ್ತು. ದಾರಿಯಲ್ಲಿ ನಿಲ್ಲಿಸಿ, ಕಿಟಕಿ ಎರಡು ಬೆರಳು ಇಳಿಸಿ, ಒಳಗೆ ಹೋಗಿ ಊಟ ಮಾಡಿದೆ. ಇಪ್ಪತ್ತೈದು ನಿಮಿಷ. ವಾಪಸ್ ಬಂದಾಗ ಚೆಂಡಿನ ಥರ ಸುತ್ತಿಕೊಂಡಿದ್ದ ಮರಿ ಡಬ್ಬಿಯ ಅಂಚಿಗೆ ಉದ್ದಕ್ಕೆ ಚಾಚಿಕೊಂಡಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಮುಟ್ಟಿದ್ರೆ ದಾರದ ಥರ ಇತ್ತು. ಒಳಗೆ ಹೋಗುವಾಗ ಸೀಟಿಗೆ ನೆರಳಿತ್ತು, ಬರುವಷ್ಟರಲ್ಲಿ ಬಿಸಿಲು ಸರಿದು ಡಬ್ಬಿಯ ಮೇಲೇ ಬಿದ್ದಿತ್ತು.

ನಾಯಿಮರಿ ಆಗಿದ್ರೆ ಬೊಗಳ್ತಿತ್ತು, ಗಾಜು ಪರಚ್ತಿತ್ತು, ಯಾರಾದ್ರೂ ನೋಡಿ ಗಾಜು ಒಡೀತಿದ್ರು. ಮಗು ಆಗಿದ್ರೆ ಅಳ್ತಿತ್ತು. ಹಾವು ಏನೂ ಮಾಡಲ್ಲ. ಸುಮ್ಮನೆ ಸಾಯತ್ತೆ. ಆಮೇಲೆ ಫೋನ್ ಮಾಡಿದ್ದಕ್ಕೆ ಪಶುವೈದ್ಯರು ಒಂದೇ ಪ್ರಶ್ನೆ ಕೇಳಿದ್ರು: "ಡಬ್ಬಿ ಒಳಗೆ ಟೆಂಪರೇಚರ್ ಎಷ್ಟಿತ್ತು?" ನನಗೆ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಆಮೇಲೆ ಓದಿ ತಿಳ್ಕೊಂಡಿದ್ದನ್ನ ಹೇಳ್ತೀನಿ. ಈ ಲೆಕ್ಕ ಹಾವಿಗಷ್ಟೇ ಅಲ್ಲ, ಮಗುವಿಗೂ ನಾಯಿಗೂ ಅನ್ವಯ ಆಗತ್ತೆ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದ್ರೆ, ನಿಂತ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು 45 ಆಗತ್ತೆ, ಅರ್ಧ ಗಂಟೆಯಲ್ಲಿ 54ರ ಹತ್ತಿರ ಹೋಗತ್ತೆ. ಹೊರಗೆ ಹಿತವಾಗಿ 21 ಡಿಗ್ರಿ ಇದ್ರೂ ಅರ್ಧ ಗಂಟೆಯಲ್ಲಿ ಒಳಗೆ 40 ಆಗತ್ತೆ. 2005ರಲ್ಲಿ ಪೀಡಿಯಾಟ್ರಿಕ್ಸ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಒಂದಿದೆ, ಜಾನ್ ನಲ್ ಅನ್ನೋ ಹವಾಮಾನ ತಜ್ಞರೂ ಅದರಲ್ಲಿದ್ರು. ಬಿಸಿಯ ಏರಿಕೆಯಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಆಗಿಹೋಗತ್ತೆ ಅಂತ ಅದು ತೋರಿಸಿತು. ಕಿಟಕಿ ಸ್ವಲ್ಪ ಇಳಿಸಿದ್ರೆ ಏನೂ ಪ್ರಯೋಜನ ಇಲ್ಲ ಅಂತಲೂ ತೋರಿಸಿತು. ನಾನು ಇಳಿಸಿದ ಎರಡು ಬೆರಳಿನ ಕಿಟಕಿ ನನ್ನ ಸಮಾಧಾನಕ್ಕೆ ಇತ್ತೇ ಹೊರತು ಹಾವಿಗಲ್ಲ.

ಹಾವಿನ ಮೈಗೆ ತನ್ನದೇ ಕಾವು ಅನ್ನೋದು ಇಲ್ಲ. ನಮಗೆ ಸೆಕೆ ಆದ್ರೆ ಬೆವರ್ತೀವಿ. ಹಾವಿಗೆ ಬೆವರಿಲ್ಲ. ಬಿಸಿಯಾದ್ರೆ ತಂಪಿನ ಕಡೆ ಹರಿದುಹೋಗೋದು, ಚಳಿಯಾದ್ರೆ ಬಿಸಿಲಿನ ಕಡೆ ಹರಿದುಬರೋದು, ಅದಕ್ಕಿರೋದು ಇದೊಂದೇ ದಾರಿ. ಡಬ್ಬಿ ಮುಚ್ಚಿದ ಕೂಡಲೇ ಆ ದಾರಿಯನ್ನ ನಾವು ಕಿತ್ಕೊಂಡ ಹಾಗೆ. ಕಿತ್ಕೊಂಡ ಮೇಲೆ ಆ ಕೆಲಸ ನಮ್ಮದು. ಮರಿಗಳಂತೂ ಇನ್ನೂ ಬೇಗ ಕಾಯ್ತವೆ, ಬೇಗ ತಣ್ಣಗಾಗ್ತವೆ. ಚಿಕ್ಕ ಲೋಟದ ಕಾಫಿ ಬೇಗ ಆರೋ ಹಾಗೆ.

ಒಂದು ವರ್ಷ ನಾನು ಹಾವಿನ ಮಾತೇ ಎತ್ತಲಿಲ್ಲ. ಆಮೇಲೆ ಓದಿ, ಕೇಳಿ, ಮನೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟು, ಹೀಟರ್ ಇಟ್ಟು, ತಿಂಗಳಿಡೀ ಖಾಲಿ ಪೆಟ್ಟಿಗೆಯ ಟೆಂಪರೇಚರ್ ಬರೆದಿಟ್ಟು, ಎರಡು ಮರಿ ತಂದೆ. ಎರಡೂ ಬೇರೆ ಬೇರೆ ಪೆಟ್ಟಿಗೆಯಲ್ಲಿ. ಒಂದೇ ಪೆಟ್ಟಿಗೆಯಲ್ಲಿ ಇಟ್ರೆ ಜೋಡಿ ಅಂತ ನಮಗೆ ಚಂದ ಕಾಣತ್ತೆ, ಅವಕ್ಕೆ ಅದು ಬರೀ ಒತ್ತಡ.

ಎರಡು ತಿಂಗಳಿಗೆ ಡಾಲಸ್‌ನಲ್ಲಿ ಹೊಸ ಕೆಲಸ ಸಿಕ್ತು. ಮನೆ ಖಾಲಿ ಮಾಡ್ಬೇಕು. ತಿಂಗಳು ಜುಲೈ. ಮನೆಯಲ್ಲಿ ಊರಿಂದ ಬಂದಿರೋ ಅಮ್ಮ.

ಅಮ್ಮನ ವಿಷಯ ಹೇಳ್ಬೇಕು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾವು ಅನ್ನೋ ಪದ ಬಾಯಲ್ಲಿ ಆಡಲ್ಲ. "ಹುಳ" ಅಂತಾರೆ. ಹಾವು ಕಚ್ಚಿದ್ರೆ "ಹುಳ ಮುಟ್ಟಿದೆ" ಅಂತಾರೆ. ನಮ್ಮಮ್ಮ ಹಗಲು ಹೊತ್ತಲ್ಲೂ ಹುಳ ಅಂತಾನೇ ಅನ್ನೋದು. ವರ್ಷ ವರ್ಷ ನಾಗರ ಪಂಚಮಿಗೆ ಹುತ್ತಕ್ಕೆ ತನಿ ಎರೆಯೋರು. ಬಂದ ಮೊದಲ ದಿನ ಪೆಟ್ಟಿಗೆ ನೋಡಿ ಬಾಗಿಲಲ್ಲೇ ನಿಂತುಬಿಟ್ರು.

"ಹುಳ ಸಾಕೋಕೆ ಅಮೆರಿಕಕ್ಕೆ ಬಂದ್ಯೇನೋ? ನಮ್ಮ ಹಿತ್ತಲಲ್ಲೇ ಬೇಕಾದಷ್ಟಿತ್ತಲ್ಲೋ."

"ಅಮ್ಮ, ಇದಕ್ಕೆ ವಿಷ ಇಲ್ಲ."

"ವಿಷ ಇಲ್ದಿದ್ರೆ ಏನು, ಹುಳ ಹುಳಾನೇ."

ಎರಡು ವಾರ ಆ ರೂಮಿಗೆ ಕಾಲಿಡಲಿಲ್ಲ. ಈಗ ಅದೇ ಅಮ್ಮ, ಅದೇ ಹುಳ, ಒಂದೇ ಕಾರಲ್ಲಿ 385 ಕಿಲೋಮೀಟರ್. ಬೇರೆ ದಾರಿ ಇರಲಿಲ್ಲ. ಇಲ್ಲಿನ ದೊಡ್ಡ ವಿಮಾನ ಕಂಪನಿಗಳು ಕ್ಯಾಬಿನ್‌ನಲ್ಲಿ ಬೆಕ್ಕು, ನಾಯಿ ಬಿಡ್ತಾವೆ, ಹಾವು ಬಿಡಲ್ಲ. ಆಮ್‌ಟ್ರಾಕ್ ರೈಲಿನಲ್ಲೂ ಸಣ್ಣ ನಾಯಿ, ಬೆಕ್ಕಿಗೆ ಮಾತ್ರ ಜಾಗ. ಹಾಗಾಗಿ ಹಾವು ಇರೋರಿಗೆ ಕಾರೇ ಗತಿ.

ತಯಾರಿ ಹೇಗಿತ್ತು ಅಂತ ಹೇಳ್ತೀನಿ. ಯಾರಾದ್ರೂ ಹೊರದೇಶದಲ್ಲಿ ಇದ್ದು, ಕಾನೂನು ಪ್ರಕಾರ ಹಾವು ಸಾಕ್ತಿದ್ರೆ ಇದನ್ನ ಬರ್ಕೊಳ್ಳಿ.

ಮೊದಲನೇದು, ಹೊಟ್ಟೆ. ತಿಂದ ಹಾವನ್ನ ಅಲ್ಲಾಡಿಸಬಾರದು. ತಿಂದು ಎರಡು ದಿನದೊಳಗೆ ಮುಟ್ಟಿದ್ರೆ, ಹೆದರಿಸಿದ್ರೆ, ನುಂಗಿದ ಇಲಿಯನ್ನ ವಾಪಸ್ ಕಕ್ಕಿಬಿಡಬಹುದು. ದೊಡ್ಡ ಹಾವಿಗೇ ಅದು ಕಷ್ಟ. ಮರಿಗೆ ಇನ್ನೂ ಅಪಾಯ, ಗಂಟಲು ಹೊಟ್ಟೆ ಎಲ್ಲಾ ಆಮ್ಲದಿಂದ ಸುಟ್ಟ ಹಾಗಾಗತ್ತೆ, ನೀರಿನ ಅಂಶ ಹೋಗತ್ತೆ. ಮರಿಗಳು ವಾರಕ್ಕೊಂದು ಸಲ ತಿಂತಾವೆ. ನಾನು ಹೊರಡೋ ಐದು ದಿನ ಮುಂಚೆ ಕೊಟ್ಟಿದ್ದೇ ಕೊನೆ. ನಮಗೆ ದಾರಿಗೆ ಬುತ್ತಿ ಕಟ್ಟೋದು ಪ್ರೀತಿ. ಹಾವಿಗೆ ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಹೋಗೋದೇ ಪ್ರೀತಿ.

ಎರಡನೇದು, ಚೀಲ. ಒಂದೊಂದು ಮರಿಗೆ ಒಂದೊಂದು ಹತ್ತಿ ಬಟ್ಟೆಯ ಚೀಲ. ದಿಂಬಿನ ಕವರ್ ಆದ್ರೂ ಸಾಕು, ಆದ್ರೆ ಒಳಗಿಂದ ಹೊರಕ್ಕೆ ತಿರುಗಿಸಿ ಹೊಲಿಗೆ ನೋಡಬೇಕು. ಬಿಚ್ಚಿದ ದಾರ ಇದ್ರೆ ಮರಿಯ ಮೈಗೆ ಸುತ್ತಿಕೊಳ್ಳತ್ತೆ. ಬೆರಳು ತೂರೋಷ್ಟು ಸಂದಿ ಇದ್ರೆ ಮರಿ ಹೊರಗೆ. ಬಾಯಿ ತಿರುಚಿ, ಮರಿ ಕೆಳಗಿದೆ ಅಂತ ನೋಡ್ಕೊಂಡು, ಬಿಗಿಯಾಗಿ ಗಂಟು. ಚೀಲದ ಒಳಗೆ ಕತ್ತಲು ಇರತ್ತೆ, ಇಕ್ಕಟ್ಟು ಇರತ್ತೆ. ನಮಗೆ ಅದು ಜೈಲು ಅನ್ನಿಸತ್ತೆ. ಬಿಲದಲ್ಲಿ ಬದುಕೋ ಜೀವಕ್ಕೆ ಅದೇ ನೆಮ್ಮದಿ.

ಮೂರನೇದು, ಡಬ್ಬ. ಚೀಲ ಒಂದೊಂದನ್ನೂ ಗಾಳಿಗೆ ತೂತು ಮಾಡಿದ, ಮುಚ್ಚಳಕ್ಕೆ ಕ್ಲಿಪ್ ಇರೋ ಪ್ಲಾಸ್ಟಿಕ್ ಡಬ್ಬದಲ್ಲಿ, ತೇವದ ಟಿಶ್ಯೂ ಹಾಸಿ ಇಟ್ಟೆ. ಆ ಎರಡೂ ಡಬ್ಬ ಒಂದು ದಪ್ಪ ಥರ್ಮೋಕೋಲ್ ಪೆಟ್ಟಿಗೆಯ ಒಳಗೆ. ಪೆಟ್ಟಿಗೆಗೂ ಗಾಳಿಗೆ ತೂತು. ಥರ್ಮೋಕೋಲ್ ಯಾಕೆ ಅಂದ್ರೆ, ಐಸ್‌ಕ್ರೀಮ್ ಮಾರೋರ ಪೆಟ್ಟಿಗೆ ಥರ, ಹೊರಗಿನ ಬಿಸಿ ಒಳಗೆ ಬೇಗ ಹೋಗಲ್ಲ. ನಮಗೆ ಒಂದಷ್ಟು ಸಮಯ ಸಿಗತ್ತೆ.

ನಾಲ್ಕನೇದು, ಥರ್ಮಾಮೀಟರ್. ವೈರ್ ತುದಿಯಲ್ಲಿ ಸಣ್ಣ ಕಡ್ಡಿ ಇರೋ ಡಿಜಿಟಲ್ ಥರ್ಮಾಮೀಟರ್. ಕಡ್ಡಿ ಪೆಟ್ಟಿಗೆ ಒಳಗೆ, ಪರದೆ ಹೊರಗೆ. ಪೆಟ್ಟಿಗೆ ತೆರೆಯದೇ ಓದಬಹುದು. 24ರಿಂದ 29 ಇದ್ರೆ ಆರಾಮ. 32 ಆದ್ರೆ ಏನಾದ್ರೂ ಮಾಡ್ಬೇಕು. 35 ದಾಟೋಕೆ ಬಿಡಲೇಬಾರದು. ಈ ಮೂರು ಸಂಖ್ಯೆಯನ್ನ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿದೆ.

ಐದನೇದು, ಜಾಗ. ಡಿಕ್ಕಿಯಲ್ಲಿ ಬೇಡವೇ ಬೇಡ, ಅಲ್ಲಿ ಎಸಿ ಸರಿಯಾಗಿ ಹೋಗಲ್ಲ, ಏನಾಗ್ತಿದೆ ಅಂತ ಕಾಣಲ್ಲ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಇದೆ, ಬಿಸಿಲಿದೆ. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಬಿಗಿಯೋದು, ಇಲ್ಲಾ ಮುಂದಿನ ಸೀಟಿನ ಹಿಂದೆ ಕಾಲಿಡೋ ಜಾಗದಲ್ಲಿ ಅಲುಗದ ಹಾಗೆ ಇಡೋದು. ಎಸಿ ಗಾಳಿ ನೇರ ಬಡೀಬಾರದು. ದಾರಿಯಲ್ಲಿ ಯಾವ ಕಾರಣಕ್ಕೂ ಚೀಲ ಬಿಚ್ಚಬಾರದು. ಫೋಟೋಗೂ ಬೇಡ, ರೀಲ್ಸ್‌ಗೂ ಬೇಡ. ಕಾರಿನೊಳಗೆ ಮರಿ ತಪ್ಪಿಸ್ಕೊಂಡ್ರೆ ಡ್ಯಾಶ್‌ಬೋರ್ಡ್ ಸಂದಿಗೆ ಹೋಗತ್ತೆ, ಸೀಟಿನ ಕೆಳಗಿನ ತಂತಿಗಳ ಮಧ್ಯೆ ಹೋಗತ್ತೆ. ಮೆಕ್ಯಾನಿಕ್ ಕರೆಸಿ ಸೀಟು ಬಿಚ್ಚಿಸೋ ಗತಿ ಬರತ್ತೆ.

ಇನ್ನೊಂದು, ಕಾಗದ. ಟೆಕ್ಸಸ್‌ನಲ್ಲಿ ಬಾಲ್ ಪೈಥಾನ್‌ಗೆ ಪರ್ಮಿಟ್ ಬೇಡ. ಅನಕೊಂಡಾ ಥರದ ಕೆಲವು ದೊಡ್ಡ ಹಾವಿಗೆ, ಹೊರಗಿನ ವಿಷದ ಹಾವಿಗೆ ಬೇಕು. ನಾನು ಇದ್ದ ರಾಜ್ಯದಲ್ಲೇ ಹೋಗ್ತಿದ್ದೆ, ಬಚಾವ್. ರಾಜ್ಯ ದಾಟೋರು ಮಾತ್ರ ದಾರಿಯಲ್ಲಿ ಸಿಗೋ ಪ್ರತಿ ರಾಜ್ಯದ ಕಾನೂನು ನೋಡ್ಬೇಕು. ಕಾರ್ನ್ ಸ್ನೇಕ್ ಅಂತ ಒಂದು ಸಾಧು ಹಾವಿದೆ, ಅಮೆರಿಕದ ಎಷ್ಟೋ ಮನೆಗಳಲ್ಲಿ ಮಕ್ಕಳು ಸಾಕ್ತಾರೆ. ಜಾರ್ಜಿಯಾದಲ್ಲಿ ಅದು ಅಲ್ಲಿನದೇ ಕಾಡುಹಾವು, ಹಾಗಾಗಿ ಅಲ್ಲಿ ಸಾಕೋದು ಅಪರಾಧ. ಹವಾಯಿಯಲ್ಲಂತೂ ಯಾವ ಹಾವನ್ನೂ ಸಾಕೋಹಾಗಿಲ್ಲ. ಹೊಸ ಮನೆ ಮಾಲೀಕರ ಒಪ್ಪಿಗೆಯನ್ನೂ ಬರವಣಿಗೆಯಲ್ಲಿ ತಗೊಂಡಿದ್ದೆ.

ಬೆಳಿಗ್ಗೆ ಆರಕ್ಕೆ ಹೊರಡೋದು, ಹತ್ತಕ್ಕೆ ಡಾಲಸ್, ಬಿಸಿಲು ಏರೋ ಮುಂಚೆ ಮನೆ. ಇದು ಪ್ಲಾನ್. ಮನೆ ಬೀಗದ ಕೈ ಒಪ್ಪಿಸೋದರಲ್ಲೇ ತಡವಾಗಿ ಹೊರಟಾಗ ಹನ್ನೊಂದು. ನಾಳೆ ಹೋಗೋಣ ಅಂದ್ರೆ ಇವತ್ತೇ ಮನೆ ಬಿಡ್ಬೇಕು. ಕಾರಿಗೆ ಮೊದಲು ಎಸಿ ಹಾಕಿ, ಒಳಗೆಲ್ಲಾ ತಂಪಾದ ಮೇಲೆ ಪೆಟ್ಟಿಗೆ ತಂದಿಟ್ಟೆ. ಕೊನೆಗೆ ಹತ್ತಿಸೋದು, ಮೊದಲು ಇಳಿಸೋದು, ಇದು ನಿಯಮ. ಅಮ್ಮ ಮುಂದೆ ಕೂತ್ರು. ಥರ್ಮಾಮೀಟರ್ ಪರದೆಯ ವೈರ್ ಎಳೆದು ಗೇರ್ ಪಕ್ಕ ಇಟ್ಟೆ. 26.

ಹೂಸ್ಟನ್‌ನಿಂದ ಡಾಲಸ್‌ಗೆ ಒಂದೇ ರಸ್ತೆ, ಐ-45. ಕಾನ್ರೋ ದಾಟಿ, ಹಂಟ್ಸ್‌ವಿಲ್ ಹತ್ತಿರ ರಸ್ತೆ ಪಕ್ಕ ಸ್ಯಾಮ್ ಹೂಸ್ಟನ್ನರ 67 ಅಡಿಯ ಬಿಳಿ ಪ್ರತಿಮೆ ಕಾಣತ್ತೆ. ಅಮ್ಮ ಅದನ್ನ ನೋಡಿ "ನಮ್ಮ ಗೊಮ್ಮಟನಷ್ಟು ಚೆನ್ನಾಗಿಲ್ಲ ಬಿಡು" ಅಂದ್ರು. ಮ್ಯಾಡಿಸನ್‌ವಿಲ್‌ನಲ್ಲಿ ಪೆಟ್ರೋಲ್ ಹಾಕಿಸಿದ್ವಿ. ಒಬ್ಬರು ಇಳಿದ್ರೆ ಇನ್ನೊಬ್ಬರು ಎಸಿ ಹಾಕ್ಕೊಂಡು ಕಾರಲ್ಲೇ ಇರೋದು ಅಂತ ಮೊದಲೇ ಮಾತಾಗಿತ್ತು. ಪೆಟ್ರೋಲ್ ಹಾಕೋವಾಗ ಮಾತ್ರ ಎರಡು ನಿಮಿಷ ಇಂಜಿನ್ ಆಫ್. ಅಮ್ಮ ಒಲ್ಲದ ಮುಖದಲ್ಲಿ ಕೂತೇ ಇದ್ರು. 27.

ಬಫಲೋ ಅಂತ ಒಂದು ಸಣ್ಣ ಊರು ದಾಟಿ ಸ್ವಲ್ಪ ದೂರ ಹೋಗಿದ್ವಿ. ಹಿಂದೆ ಬಲಗಡೆ ಟೈರ್ ಹೊಡ್ಕೊಂಡಿತು. ನಿಧಾನ ಮಾಡಿ ಪಕ್ಕಕ್ಕೆ ತಂದು ನಿಲ್ಲಿಸಿದೆ. ಮಧ್ಯಾಹ್ನ ಒಂದು ಗಂಟೆ. ಕಾರಿನ ಮೀಟರ್‌ನಲ್ಲಿ ಹೊರಗಿನ ಬಿಸಿ 38. ಸಹಾಯಕ್ಕೆ ಫೋನ್ ಮಾಡಿದ್ರೆ ಒಂದು ಗಂಟೆ ಆಗತ್ತೆ ಅಂದ್ರು.

ಸ್ಟೆಪ್ನಿ ನಾನೇ ಹಾಕಬಲ್ಲೆ. ಆದ್ರೆ ಜಾಕ್ ಹಾಕಿದ ಕಾರಿನ ಒಳಗೆ ಯಾರೂ ಕೂರಬಾರದು, ಇಂಜಿನ್ ಆಫ್ ಇರಬೇಕು. ಎಸಿ ಇಲ್ಲ. ಹತ್ತು ನಿಮಿಷದ ಲೆಕ್ಕ ನನಗೆ ಬಾಯಿಪಾಠ. ಪೆಟ್ಟಿಗೆ ಕಾರಲ್ಲಿ ಇರೋಹಾಗಿಲ್ಲ.

ರಸ್ತೆಯಿಂದ ಆಚೆ, ಇಳಿಜಾರಿನಲ್ಲಿ ಒಂದು ಮರ ಇತ್ತು. ನೆರಳಿತ್ತು. ಪೆಟ್ಟಿಗೆಯನ್ನ ಅಲ್ಲಿ ಹುಲ್ಲಿನ ಮೇಲೆ ಇಡೋಣ ಅಂತ ಬಗ್ಗಿದೆ, ಆಗ ಕಂಡಿತು, ಕೆಂಪಿರುವೆ ಗೂಡು. ಟೆಕ್ಸಸ್‌ನ ಫೈರ್ ಆಂಟ್ ಸಾಮಾನ್ಯ ಇರುವೆ ಅಲ್ಲ. ಹಿಂಡುಗಟ್ಟಿ ಬರತ್ತೆ, ಸಣ್ಣ ಪ್ರಾಣಿಗಳನ್ನ ಕೊಂದೇಬಿಡತ್ತೆ. ಗಾಳಿಯ ತೂತಿನಿಂದ ಒಳಗೆ ಹೋದ್ರೆ ಚೀಲದಲ್ಲಿ ಕಟ್ಟಿಹಾಕಿರೋ ಮರಿ ಎಲ್ಲಿಗೆ ಓಡತ್ತೆ? ನೆಲದ ಮೇಲೆ ಇಡೋಹಾಗಿಲ್ಲ. ಯಾರಾದ್ರೂ ಹಿಡ್ಕೋಬೇಕು.

ನಾನು ಅಮ್ಮನ ಮುಖ ನೋಡಿದೆ. ಕೇಳಲಿಲ್ಲ. ಅಮ್ಮ ಡಿಕ್ಕಿಯಿಂದ ದೊಡ್ಡ ಸೂಟ್‌ಕೇಸ್ ಇಳಿಸೋಕೆ ಹೇಳಿದ್ರು. ಮರದ ಕೆಳಗೆ ಗೂಡಿಂದ ದೂರ ಅದನ್ನ ಮಲಗಿಸಿ, ಅದರ ಮೇಲೆ ಕೂತ್ರು. ಕಾಲು ಮೇಲೆ ಎಳ್ಕೊಂಡ್ರು. "ಕೊಡು ಇತ್ಲಾಗೆ" ಅಂದ್ರು. ಪೆಟ್ಟಿಗೆ ತೊಡೆ ಮೇಲೆ ಇಟ್ಟೆ. ಒಂದು ಕೈಲಿ ಛತ್ರಿ ಬಿಚ್ಚಿ ಹಿಡಿದ್ರು. ಇನ್ನೊಂದು ಕೈಲಿ ಥರ್ಮಾಮೀಟರ್.

"ಏನ್ ನೋಡ್ಬೇಕು ಹೇಳು."

"ಚೀಟಿ ಅಂಟಿಸಿದೀನಿ ನೋಡಮ್ಮ. ಮೂವತ್ತೆರಡು ಬಂದ್ರೆ ಕೂಗು."

ನಾನು ಸಾಮಾನೆಲ್ಲಾ ಇಳಿಸಿ ಸ್ಟೆಪ್ನಿ ತೆಗೆಯೋಕೆ ಹೋದೆ. ಲಾರಿಗಳು ಹೋಗೋ ಸದ್ದಿನ ಮಧ್ಯೆ ಅಮ್ಮನ ದನಿ ಬರ್ತಿತ್ತು. "ಇಪ್ಪತ್ತೆಂಟೂವರೆ." ಸ್ವಲ್ಪ ಹೊತ್ತಿಗೆ, "ಇಪ್ಪತ್ತೊಂಬತ್ತು." ನಟ್ಟು ಒಂದು ಬಿಗಿಯಾಗಿ ಕೂತಿತ್ತು, ಅಲುಗ್ತಾನೇ ಇಲ್ಲ. "ಮೂವತ್ತು." ಆಮೇಲೆ ಬಂದ ದನಿ ಬೇರೆ ಥರ ಇತ್ತು. "ಮೂವತ್ತೊಂದು ಆಯ್ತು ಕಣೋ. ಏನ್ ಮಾಡ್ಲಿ?"

ನಮ್ಮ ಊಟದ ಬ್ಯಾಗಿನಲ್ಲಿ ತಣ್ಣನೆ ನೀರಿನ ಬಾಟಲ್ ಇತ್ತು. ಟವೆಲ್ ಸುತ್ತಿ ಪೆಟ್ಟಿಗೆ ಒಳಗೆ ಮೂಲೆಗೆ ಇಡು, ಡಬ್ಬಕ್ಕೆ ತಾಗಿಸ್ಬೇಡ ಅಂತ ಕೂಗಿದೆ. ನೇರ ಐಸ್ ಇಡಬಾರದು, ತಣ್ಣೀರು ಸುರಿಯಬಾರದು. ಬಿಸಿಯಿಂದ ಒಂದೇ ಸಲ ತಣ್ಣಗಾದ್ರೆ ಅದೂ ಅಪಾಯ. ಅಂದ್ರೆ ಪೆಟ್ಟಿಗೆಯ ಮುಚ್ಚಳವನ್ನ ಅಮ್ಮ ತೆಗೀಬೇಕು. ಎರಡು ವಾರ ರೂಮಿಗೇ ಬಾರದ ಅಮ್ಮ. ನಾನು ಸ್ಪ್ಯಾನರ್ ಹಿಡ್ಕೊಂಡು ನೋಡ್ತಿದ್ದೆ. ಛತ್ರಿಯನ್ನ ಕತ್ತು ಮತ್ತು ಭುಜದ ಮಧ್ಯೆ ಸಿಕ್ಕಿಸ್ಕೊಂಡ್ರು. ಏನೋ ಗೊಣಗಿದ್ರು, ಬಹುಶಃ ಸುಬ್ರಹ್ಮಣ್ಯನ ಹೆಸರು. ಮುಚ್ಚಳ ತೆಗೆದ್ರು, ಬಾಟಲ್ ಇಟ್ರು, ಮುಚ್ಚಿದ್ರು.

ಆಮೇಲೆ ಸ್ವಲ್ಪ ಹೊತ್ತು ದನಿ ಬರಲಿಲ್ಲ. ನಾನೇ ಕೂಗಿದೆ, "ಎಷ್ಟಮ್ಮಾ?"

"ಇರು. ಮೂವತ್ತು. ಇಳೀತಿದೆ."

ಟೈರ್ ಹಾಕಿ ಮುಗಿಯೋಷ್ಟರಲ್ಲಿ ನಲವತ್ತು ನಿಮಿಷ ಆಗಿತ್ತು. ಕಾರು ತಂಪಾಗೋವರೆಗೂ ಅಮ್ಮ ಪೆಟ್ಟಿಗೆ ಕೊಡಲಿಲ್ಲ. "ಮೊದ್ಲು ಎಸಿ ಹಾಕು, ಆಮೇಲೆ ಕೊಡ್ತೀನಿ" ಅಂತ ನನಗೇ ನಿಯಮ ಹೇಳಿದ್ರು. ಪೆಟ್ಟಿಗೆ ಹಿಂದಕ್ಕೆ ಹೋಯ್ತು. ಬಾಟಲಿಯ ನೀರಿನಲ್ಲಿ ಇಬ್ಬರೂ ಸೋಪು ಹಾಕಿ ಕೈ ತೊಳೆದ್ವಿ. ಇದೂ ಮುಖ್ಯ. ಹಾವು, ಆಮೆ, ಹಲ್ಲಿ ಇಂಥವುಗಳ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಅವನ್ನ, ಅವುಗಳ ಡಬ್ಬ ಚೀಲವನ್ನ ಮುಟ್ಟಿದ ಕೈಲಿ ತಿನ್ನಬಾರದು. ಐದು ವರ್ಷದೊಳಗಿನ ಮಕ್ಕಳಿರೋ ಮನೆಗೆ ಇವು ಬೇಡ ಅಂತಾನೇ ಇಲ್ಲಿನ ಆರೋಗ್ಯ ಇಲಾಖೆಯ ಸಲಹೆ. ಆಮೇಲೆ ಚಪಾತಿ ರೋಲ್ ತಿಂದ್ವಿ.

ಸ್ಟೆಪ್ನಿಯಲ್ಲಿ ನಿಧಾನ ಹೋಗಿ, ಕೋರ್ಸಿಕಾನಾ, ಎನಿಸ್ ದಾಟಿ ಡಾಲಸ್ ಸೇರೋಷ್ಟರಲ್ಲಿ ನಾಲ್ಕೂವರೆ. ದಾರಿಯುದ್ದಕ್ಕೂ ಅಮ್ಮ ಗೇರ್ ಪಕ್ಕದ ಪರದೆ ನೋಡ್ತಾನೇ ಇದ್ರು. ಒಂದು ಸಲ ಮಾತ್ರ ಹೇಳಿದ್ರು, "ನಿಂಗೆ ಜ್ವರ ಬಂದಾಗ ಹಿಂಗೇ ಕೂರ್ತಿದ್ದೆ. ಆದ್ರೆ ನೀನು ಊರಿಗೆಲ್ಲಾ ಕೇಳೋಹಂಗೆ ಅಳ್ತಿದ್ದೆ. ಇವು ಪಾಪ."

ಮನೆ ಸೇರಿದ ಮೇಲೂ ಪ್ರಯಾಣ ಮುಗಿಯಲ್ಲ ಅಂತ ನೆನಪಿಡಿ. ಹಾಸಿಗೆ, ಪಾತ್ರೆ ಎಲ್ಲಕ್ಕಿಂತ ಮೊದಲು ಜೋಡಿಸಿದ್ದು ಗಾಜಿನ ಪೆಟ್ಟಿಗೆಗಳನ್ನ. ಒಂದು ತುದಿ 31-32 ಡಿಗ್ರಿ, ಇನ್ನೊಂದು ತುದಿ 25-26, ಎರಡೂ ಕಡೆ ಅಡಗೋಕೆ ಗೂಡು, ನೀರಿನ ಬಟ್ಟಲು. ಬಿಸಿ ಸರಿಯಾಗಿ ನಿಂತ ಮೇಲೆ ಚೀಲ ಬಿಚ್ಚಿದೆ. ಎರಡೂ ಮರಿ ಚೆಂಡು. ಒಂದೊಂದಾಗಿ ಒಳಗೆ ಬಿಟ್ಟೆ. ಆಮೇಲೆ ಆರು ದಿನ ಮುಟ್ಟಲಿಲ್ಲ. ಏಳನೇ ದಿನ ಊಟ ಕೊಟ್ಟೆ. ಒಂದು ತಿಂದಿತು. ಇನ್ನೊಂದು ತಿನ್ನಲಿಲ್ಲ. ಬಾಲ್ ಪೈಥಾನ್ ಜಾಗ ಬದಲಾದ್ರೆ ಊಟ ಬಿಡೋದು ಮಾಮೂಲು. ಬಲವಂತ ಮಾಡಬಾರದು, ದಿನಾ ಎತ್ತಿ ಎತ್ತಿ ನೋಡಬಾರದು. ನಾನು ಅಡುಗೆಮನೆಗೆ ಅಲ್ಲದೆ ಅದಕ್ಕೇ ಅಂತ ಇಟ್ಟ ತಕ್ಕಡಿಯಲ್ಲಿ ವಾರಕ್ಕೊಂದು ಸಲ ತೂಕ ನೋಡ್ತಿದ್ದೆ. 92 ಗ್ರಾಂ ಇದ್ದಿದ್ದು 89 ಆಯ್ತು. ಹೆಚ್ಚು ಇಳಿದ್ರೆ ಡಾಕ್ಟರ ಹತ್ತಿರ ಹೋಗೋದು ಅಂತ ಅಂದ್ಕೊಂಡಿದ್ದೆ. 24ನೇ ದಿನ ರಾತ್ರಿ ತಿಂದಿತು. ಅಮ್ಮನಿಗೆ ಹೇಳಿದ್ರೆ "ದೇವರು ದೊಡ್ಡೋನು" ಅಂದ್ರು.

ಕೊನೆಯದಾಗಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಕೂತು ಇದನ್ನ ಕೇಳ್ತಾ "ನಾನೂ ಒಂದು ತಗೋಬೇಕು" ಅಂದ್ಕೊಳ್ತಿರೋ ಗೆಳೆಯರಿಗೆ ಒಂದು ಮಾತು. ನಮ್ಮ ನಾಗರ, ನಮ್ಮ ಹೆಬ್ಬಾವನ್ನ ಹಿಡಿಯೋದು, ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್ ಹೊರದೇಶದ್ದಲ್ವಾ ಅಂದ್ರೆ, ಅದು ಸೈಟಿಸ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿ ಆದ ಮೇಲೆ ಇಂಥ ಪ್ರಾಣಿಗಳೂ ನಮ್ಮ ಕಾಯ್ದೆಯ ಒಳಗೆ ಬಂದಿವೆ. 2024ರ ನಿಯಮಗಳ ಪ್ರಕಾರ ಇಟ್ಕೊಂಡಿರೋರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸ್ಬೇಕು. ಇನ್‌ಸ್ಟಾಗ್ರಾಂನಲ್ಲಿ ಯಾರೋ ಮೆಸೇಜ್ ಮಾಡಿ "ಪೇಪರ್ ಎಲ್ಲಾ ಬೇಡ ಬ್ರೋ" ಅಂದ್ರೆ, ಆ ಮರಿ ಹೇಗೆ ಬಂದಿರತ್ತೆ ಅಂತ ಒಂದು ಕ್ಷಣ ಯೋಚಿಸಿ.

2024ರ ಏಪ್ರಿಲ್‌ನಲ್ಲಿ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಒಬ್ಬ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾ ಸಿಕ್ಕಿದವು. ಅದೂ ಹಾವುಗಳ ಪ್ರಯಾಣವೇ. ಆ ಬ್ಯಾಗಿನಲ್ಲಿ ಥರ್ಮಾಮೀಟರ್ ಇರಲ್ಲ, ಮೂವತ್ತೊಂದು ಆಯ್ತು ಏನ್ ಮಾಡ್ಲಿ ಅಂತ ಕೂಗೋರು ಇರಲ್ಲ. ಮಾರೋರ ಲೆಕ್ಕದಲ್ಲಿ ಕೆಲವು ಸತ್ರೂ ಲಾಭ. ಸಾಯೋವು ಸದ್ದು ಮಾಡದೇ ಸಾಯ್ತವೆ.

ಕಾನೂನು ಒಪ್ಪೋ ದೇಶದಲ್ಲಿ ಇದ್ದೋರೂ ಯೋಚಿಸಿ. ಬಾಲ್ ಪೈಥಾನ್ ಸಾಕಣೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಬದುಕತ್ತೆ. 2020ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 62 ದಾಟಿದ ಒಂದು ಹೆಣ್ಣು ಬಾಲ್ ಪೈಥಾನ್ ಮೊಟ್ಟೆ ಇಟ್ಟಿತ್ತು. ಅಷ್ಟು ವರ್ಷದಲ್ಲಿ ನೀವು ಎಷ್ಟು ಮನೆ ಬದಲಾಯಿಸ್ತೀರ, ಎಷ್ಟು ಊರು? ಪ್ರತಿ ಸಲವೂ ಒಂದು ಚೀಲ, ಒಂದು ಪೆಟ್ಟಿಗೆ, ಒಂದು ಥರ್ಮಾಮೀಟರ್.

ಅಮ್ಮ ಈಗ ಊರಲ್ಲಿದ್ದಾರೆ. ಈ ವರ್ಷವೂ ಹುತ್ತಕ್ಕೆ ತನಿ ಎರೆದ್ರು. ಹಾವು ಹಾಲು ಕುಡಿಯಲ್ಲ ಅಂತ ನಾನು ಹೇಳಿದ್ದಕ್ಕೆ, "ಗೊತ್ತು, ನಿನ್ನ ಹುಳ ನೀರು ಕುಡಿಯೋದು ನೋಡಿದೀನಲ್ಲ. ನಾನು ಎರೆಯೋದು ನನ್ನ ಸಮಾಧಾನಕ್ಕೆ" ಅಂದ್ರು. ನನ್ನ ಎರಡು ಬೆರಳಿನ ಕಿಟಕಿ ನೆನಪಾಯ್ತು. ಅಮ್ಮನಿಗಾದ್ರೆ ಯಾವುದು ತನ್ನ ಸಮಾಧಾನಕ್ಕೆ, ಯಾವುದು ಹುಳದ ಸಮಾಧಾನಕ್ಕೆ ಅಂತ ವ್ಯತ್ಯಾಸ ಗೊತ್ತಿದೆ. ನನಗೆ ಅದು ತಿಳಿಯೋಕೆ ಒಂದು ಜೀವ ಹೋಗಬೇಕಾಯ್ತು.

ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡ್ತಾರೆ. ಮೊದಲು ನನ್ನ ಊಟ ಕೇಳ್ತಾರೆ. ಆಮೇಲೆ ದನಿ ಸ್ವಲ್ಪ ಇಳಿಸಿ, "ಅವಕ್ಕೆ ಎಷ್ಟು ಇಟ್ಟಿದೀಯ?" ಅಂತ ಕೇಳ್ತಾರೆ. ನಾನು ಪೆಟ್ಟಿಗೆಯ ಮೇಲಿನ ಸಂಖ್ಯೆ ಓದಿ ಹೇಳ್ತೀನಿ. ಅಮ್ಮ "ಹ್ಞೂಂ, ಸರಿ" ಅಂತಾರೆ.

ಕಾರು ನಿಲ್ಲಿಸಿ ಇಳಿಯೋವಾಗ ಹಿಂದಿನ ಸೀಟು ಒಂದು ಸಲ ನೋಡಿ. ಮುಂದಿನ ವಾರ ಸಿಗೋಣ.